ಕದ್ದು ಹಾಕಿದ ಉಪ್ಪು

ಇಸ್ತ್ರಿ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಎರಡು ವರ್ಷದ ಹಿಂದೆ ಬಂದ ಜ್ವರ ಆ ಮೂಗಿನಿಂದ ವಾಸನೆಯನ್ನೂ ನಾಲಿಗೆಯಿಂದ ರುಚಿಯನ್ನೂ ಕಿತ್ತುಕೊಂಡು ಹೋಯಿತು. ಕೋಪವನ್ನು ಮಾತ್ರ ಮುಟ್ಟಲಿಲ್ಲ. ಈ ಸಂಗತಿಯನ್ನು ಅವಳು ಗಂಡನಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಹೇಳಿದರೆ ಒಲೆಯ ಮುಂದಿನ ಜಾಗ ಕೈಬಿಟ್ಟು ಹೋಗುತ್ತದೆಂದು ಅವಳಿಗೆ ಖಾತ್ರಿಯಿತ್ತು. ಇಪ್ಪತ್ತೆಂಟು ವರ್ಷ ಲಾಂಡ್ರಿಯಲ್ಲಿ ನಿಂತು ಕಂಡವರ ಅಂಗಿಗಳ ಸುಕ್ಕು ಬಿಡಿಸಿದವಳಿಗೆ ತನ್ನದು ಅಂತ ಇದ್ದದ್ದು ಭಾನುವಾರದ ಮೇಕೆ ಮಾಂಸದ ಸಾರು ಒಂದೇ.

ಲಾಂಡ್ರಿಯಲ್ಲಿ ಹೇಗೋ ನಿಭಾಯಿಸಿದಳು. ಒಮ್ಮೆ ಯಾರದೋ ಬಿಳಿ ಕೋಟಿನ ಕಾಲರು ಕಂದುಬಣ್ಣಕ್ಕೆ ತಿರುಗುವವರೆಗೂ ಸುಟ್ಟ ವಾಸನೆ ಅವಳಿಗೆ ತಿಳಿಯಲಿಲ್ಲ. "ನಿಮ್ಮ ಇಸ್ತ್ರಿಪೆಟ್ಟಿಗೆಗೇ ಕೆಟ್ಟ ಬಿಸಿ" ಎಂದು ಮಾಲೀಕನ ಮೇಲೆಯೇ ಹರಿಹಾಯ್ದು ಪಾರಾದಳು. ಅಡಿಗೆಮನೆಯಲ್ಲಿ ಕಿವಿಯನ್ನು ನಂಬಿದಳು. ಈರುಳ್ಳಿಯ ಚುರುಚುರು ಸದ್ದು ಇಳಿದರೆ ಬೆಂದಿದೆ. ಮುಚ್ಚಳದಡಿ ಸಾರು ಬಿಟ್ಟು ಬಿಟ್ಟು ಗುಳುಕ್ ಎನ್ನುತ್ತಿದ್ದರೆ ಉರಿ ಹದವಾಗಿದೆ. ಒಂದೇ ಸಮನೆ ಕುದಿಯಿತೋ, ಮಾಂಸ ನಾರಾಗುತ್ತದೆ. ಉಪ್ಪಿಗೆ ಮಾತ್ರ ಸದ್ದಿಲ್ಲವಲ್ಲ! ಹೆಚ್ಚಾದೀತೆಂಬ ಭಯಕ್ಕೆ ಚಿಟಿಕೆ ಲೆಕ್ಕದಲ್ಲಿ ಹಾಕುತ್ತಿದ್ದಳು. ಆದರೂ ಪ್ರತಿ ವಾರ ಗಂಡ "ಭೇಷ್" ಎಂದು ಎರಡು ಸಲ ಬಡಿಸಿಕೊಳ್ಳುತ್ತಿದ್ದ. ಕೈಗೆ ಇನ್ನೂ ಜ್ಞಾಪಕವಿದೆ ಎಂದುಕೊಂಡು ಅವಳು ಒಳಗೊಳಗೇ ಬೀಗುತ್ತಿದ್ದಳು.

ಆ ಭಾನುವಾರ ನಾದಿನಿ ಊಟಕ್ಕೆ ಬಂದಳು. ಗಂಡನ ತಂಗಿ, ಕಡ್ಡಿ ಮುರಿದ ಹಾಗೆ ಮಾತಾಡುವವಳು. ಬೆಳಿಗ್ಗೆ ಎಂಟಕ್ಕೆ ಒಲೆಯೇರಿದ ಸಾರು ಹನ್ನೆರಡಕ್ಕೆ ಎಣ್ಣೆ ಬಿಟ್ಟುಕೊಂಡು ಕೆಂಪಗೆ ಕೂತಿತ್ತು. ಇಸ್ತ್ರಿ ಅಕ್ಕ ತಟ್ಟೆ ತರಲು ಹಿಂದೆ ತಿರುಗಿದ್ದೇ ತಡ, ನಾದಿನಿ ಮುಚ್ಚಳ ಸರಿಸಿ ಸೌಟಿನಿಂದ ಒಂದೆರಡು ತೊಟ್ಟು ಅಂಗೈಗೆ ಹುಯ್ದುಕೊಂಡು ನೆಕ್ಕಿದಳು.

"ಥೂ! ಅತ್ತಿಗೆ, ಇದೇನಿದು? ಉಪ್ಪೇ ಇಲ್ಲ!"

ನೀರು ತುಂಬುತ್ತಿದ್ದ ಸೊಸೆ ಗಾಬರಿಯಲ್ಲಿ ಓಡಿ ಬಂದಳು. "ಅಯ್ಯೋ, ನಾನಿನ್ನೂ ಹಾಕಿರ್ಲಿಲ್ಲ ಚಿಕ್ಕತ್ತೆ!"

ಅಂದ ಮೇಲೆ ತುಟಿ ಕಚ್ಚಿಕೊಂಡಳು.

"ನೀನು ಹಾಕೋದು ಅಂದ್ರೆ?" ಇಸ್ತ್ರಿ ಅಕ್ಕ ಕೇಳಿದಳು.

ಸೊಸೆ ಬಾಗಿಲಲ್ಲಿ ನಿಂತಿದ್ದ ಮಾವನ ಮುಖ ನೋಡಿದಳು. ಮಾವ ನೆಲ ನೋಡಿದ. ಕೊನೆಗೆ ಅವನೇ ಬಾಯಿ ಬಿಟ್ಟ. "ತಳ ಹಿಡಿದ ಹಾಲಲ್ಲಿ ಕಾಫಿ ಮಾಡ್ಕೊಂಡು ಕುಡಿದ್ಯಲ್ಲ, ಅವತ್ತೇ ಗೊತ್ತಾಯ್ತು. ನೀನು ಕೈ ತೊಳೆಯೋಕೆ ಹೋದಾಗ ಅವಳು ಉಪ್ಪು ಹಾಕ್ತಾಳೆ. ನಾನು ಗ್ಯಾಸ್ ವಾಸನೆ ಬರ್ತಿದ್ಯಾ ಅಂತ ಆಗಾಗ ಬಂದು ನೋಡ್ತೀನಿ."

"ಎಷ್ಟು ದಿನದಿಂದ?"

"ಎರಡು ವರ್ಷ."

ಇಸ್ತ್ರಿ ಅಕ್ಕನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ತಟ್ಟೆಗಳನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಎರಡು ವರ್ಷ ನನ್ನ ಕೋಡಂಗಿ ಮಾಡಿದ್ರಾ? ಭೇಷ್ ಭೇಷ್ ಅಂತ ತಟ್ಟೆ ನೆಕ್ಕಿದ್ದು, ಅದೆಲ್ಲ ನಾಟಕಾನಾ? ಹಸುಗೂಸನ್ನ ತೂಗಿದ ಹಾಗೆ ತೂಗಿದ್ರಲ್ರೀ ನನ್ನ!"

"ನಿನಗೆ ಬೇಜಾರಾಗತ್ತೆ ಅಂತ..."

"ನನ್ನ ಬೇಜಾರು ನಾನು ಪಡ್ತೀನಿ! ಅದಕ್ಕೂ ನೀವೇ ಬೇಕಾ?"

ನಾದಿನಿ ಅಂಗೈ ಒರೆಸಿಕೊಂಡಳು. "ನೀನೇನು ಕಮ್ಮಿ ಅತ್ತಿಗೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆಲ್ಲ ಕತ್ತಲೆಯಾ? ಮೊದಲು ಮುಚ್ಚಿಟ್ಟಿದ್ದು ನೀನೇ."

ಆ ಮಾತು ಚುರುಕ್ ಎಂದಿತು. ನಿಜವಾದದ್ದರಿಂದಲೇ ಕೋಪ ಇನ್ನಷ್ಟು ಏರಿತು. ಆದರೆ ಯಾರನ್ನು ಬೈಯುವುದು? ಗಂಡ ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದ. ಸೊಸೆಯ ಕಣ್ಣು ತುಂಬಿತ್ತು. ಈ ಹುಡುಗಿ ವಾರವಾರ ಅತ್ತೆಯ ಬೆನ್ನು ಕಾಯ್ದು ಕದ್ದು ಉಪ್ಪು ಹಾಕಿದಳು, ಹೊಗಳಿಕೆಯನ್ನೆಲ್ಲ ಅತ್ತೆಯ ಪಾಲಿಗೇ ಬಿಟ್ಟಳು. ಅದು ಹೊಳೆದರೂ ಕೋಪ ಇಳಿಯಲಿಲ್ಲ. ಪಾಪ ಅನ್ನಿಸಿಕೊಂಡು ಒಲೆಯ ಮುಂದೆ ನಿಲ್ಲುವುದಕ್ಕಿಂತ ನಿಲ್ಲದಿರುವುದೇ ಮೇಲು ಎಂದು ಅವಳಿಗೆ ಅನ್ನಿಸಿತು.

ಉಪ್ಪಿನ ಡಬ್ಬಿ ತೆಗೆದು ಎಲ್ಲರ ಎದುರಿಗೆ ಸೊಸೆಯ ಕೈಗೆ ತುರುಕಿದಳು. "ಹಾಕು. ನಾನು ನೋಡ್ತಾ ಇರೋವಾಗ್ಲೇ ಹಾಕು."

ಸೊಸೆ ಹಾಕಿದಳು, ಕಲಕಿದಳು, ರುಚಿ ನೋಡಿದಳು, ಇನ್ನೊಂದಿಷ್ಟು ಹಾಕಿದಳು.

"ಈಗ ಹೇಳು. ಹೇಗಿದೆ?"

"ಚೆನ್ನಾಗಿದೆ ಅತ್ತೆ."

"ಆ ಮಾತು ಎರಡು ವರ್ಷ ಕೇಳಿದೀನಿ. ನಿಜ ಹೇಳು."

"ಮಾಂಸ ಬೆಣ್ಣೆ ಹಾಗೆ ಬೆಂದಿದೆ. ಆದ್ರೆ... ಕೊತ್ತಂಬರಿ ಬೀಜ ಸೀದಿದೆ. ಹೋದ ವಾರಾನೂ ಸೀದಿತ್ತು."

ಇಸ್ತ್ರಿ ಅಕ್ಕ ಗೋಡೆಗೆ ಒರಗಿದಳು. ಬೀಜ ಸೀಯುವಾಗ ಸದ್ದು ಮಾಡುವುದಿಲ್ಲ. ಅದನ್ನು ಮೂಗೇ ಹೇಳಬೇಕು. ಇನ್ನು ಮೇಲೆ ಅವಳಿಗೆ ಅವಳ ಮೂಗು ಅದನ್ನು ಹೇಳುವುದೇ ಇಲ್ಲ. ಎರಡು ವರ್ಷ ಅಳದೆ ಇಟ್ಟುಕೊಂಡಿದ್ದದ್ದನ್ನೂ ಅವಳು ಸಿಟ್ಟಾಗಿಯೇ ಹೊರಗೆ ಹಾಕಿದಳು.

"ಸೀಯೋವಾಗ ಎಲ್ಲಿ ಸತ್ತಿದ್ದೆ? ಮುಂದಿನ ವಾರ ಹುರಿಯೋವಾಗ ಇಲ್ಲೇ ನನ್ನ ಪಕ್ಕ ನಿಂತ್ಕೋಬೇಕು. ಕಮರು ವಾಸನೆ ಬಂದ ಕೂಡ್ಲೇ ಬಾಯಿಬಿಟ್ಟು ಕೂಗಬೇಕು. ಕಳ್ಳಿ ಹಾಗೆ ಹಿಂದೆ ಬಂದು ಸರಿಮಾಡೋದು ಬೇಡ."

"ಆಯ್ತು ಅತ್ತೆ."

ಊಟಕ್ಕೆ ಕೂತರು. ನಾದಿನಿ ಮುಖ ಕಿವುಚುತ್ತಲೇ ಉಂಡಳು. ಗಂಡ ಮಾತ್ರ ಏನೂ ಆಗದವನ ಹಾಗೆ ಅನ್ನಕ್ಕೆ ಸಾರು ಕಲಸಿಕೊಂಡು, ಎರಡನೇ ಸಲಕ್ಕೆ ತಟ್ಟೆ ಮುಂದೆ ಹಿಡಿದ. "ಭೇ..." ಎಂದು ಬಾಯಿ ತೆರೆದ.

ಇಸ್ತ್ರಿ ಅಕ್ಕ ತಟ್ಟೆಯನ್ನು ಕಿತ್ತುಕೊಂಡಳು. "ಸೀದಿದೆ ಅಂತ ಗೊತ್ತಿದ್ದೂ ತಿಂತಿದೀರಾ?"

"ಹೂಂ."

"ಹಾಗಾದ್ರೆ ಬಾಯಲ್ಲಿ ಹೇಳಿ. ಹೇಳೋವರೆಗೂ ಊಟ ಇಲ್ಲ."

ಅವನು ತಟ್ಟೆ ನೋಡಿದ, ಹೆಂಡತಿಯ ಮುಖ ನೋಡಿದ. ಮದುವೆಯಾದ ಮೂವತ್ತು ವರ್ಷದಲ್ಲಿ ಹೇಳದ ಮಾತು.

"ಚೆನ್ನಾಗಿಲ್ಲ" ಎಂದ.

"ಹಾಗನ್ನಿ," ಎಂದು ಅವಳು ತಟ್ಟೆಗೆ ಸಾರು ಸುರಿದು ಅವನ ಮುಂದೆ ಕುಕ್ಕಿದಳು. "ಉಣ್ಣಿ ಈಗ."