ರಾಯಚೂರಿನಿಂದ ಬಾರದ ಹುಕುಂ

ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಒಬ್ಬ ಮನುಷ್ಯನನ್ನು ನಾನು ಸಾಯಿಸಿದೆ — ಬರೀ ಬಾಯಿಯಿಂದ, ಹಾಡುಹಗಲು, ಹಪ್ಪಳ ಲಟ್ಟಿಸುತ್ತಿದ್ದ ಹೆಂಗಸರ ಮುಂದೆ. ಅವರು ನಗಲಿ ಅಂತ. ಆ ಮನುಷ್ಯನಿಗೆ ಏನಾಗಿದೆಯೋ ಇವತ್ತಿಗೂ ತಿಳಿಯದು. ಅವನ ಹೆಂಡತಿಗೆ ಏನಾಯಿತು ಅನ್ನುವುದು ಮಾತ್ರ ತಿಳಿದಿದೆ. ಓಣಿಯವರು ಅದಕ್ಕೆ ಸರ್ಕಾರವನ್ನು ಬೈಯುತ್ತಾರೆ, ಕೆಲವರು ದೇವರನ್ನು ಬೈಯುತ್ತಾರೆ. ಇಬ್ಬರದೂ ತಪ್ಪಿಲ್ಲ. ತಪ್ಪು ನನ್ನದು.

ನಾನು ಶೇಷಗಿರಿ, ಊರಿಗೆಲ್ಲ ಶೇಷ್ಯಾ. ಮಾನ್ವಿಯ ಗುಡಿ ಓಣಿಯವನು. ಅಪ್ಪ ಗುಡಿಯಲ್ಲಿ ನೈವೇದ್ಯದ ಅಡುಗೆ ಮಾಡುತ್ತಾರೆ. ನನಗೂ ಆ ಕೆಲಸ ಕಲಿಸಲು ನೋಡಿದರು — ನಾನು ಪಾಯಸಕ್ಕೆ ಉಪ್ಪು ಹಾಕಿದೆ, ದೇವರು ಅದನ್ನೂ ಸುಮ್ಮನೆ ಉಂಡ, ಉಣ್ಣದವರು ಭಕ್ತರು. ಅಂಥ ನನಗೆ ಒಂದು ವಿದ್ಯೆ ಮಾತ್ರ ಒಲಿದಿತ್ತು: ಯಾರ ದನಿಯನ್ನಾದರೂ ಎತ್ತಿ ಆಡಿಸುವುದು. ತಹಶೀಲ್ದಾರರ ಕೆಮ್ಮು, ಪೊಲೀಸ್ ಅಮೀನರ ಗತ್ತು, ಎಲ್ಲ ನನ್ನ ಗಂಟಲಲ್ಲಿದ್ದವು. ನನ್ನದು ಅಂತ ಒಂದು ದನಿ ಇತ್ತೋ ಇಲ್ಲವೋ.

ಮಿಲಿಟರಿ ಬಂದು ನವಾಬರ ಹಳೆಯ ರಾಜ್ಯ ಮುಗಿದ ಮೇಲಿನ ಬೇಸಿಗೆ ಅದು. ಮುಂದೆ ವೋಟು ಬರುತ್ತದೆ, ಅದಕ್ಕೆ ಮನೆಮನೆಗೆ ಹೋಗಿ ದೊಡ್ಡವರ ಹೆಸರು ಬರೆದುಕೊಳ್ಳಬೇಕು ಅಂದರು. ಕನ್ನಡ, ಉರ್ದು ಎರಡೂ ತಿದ್ದಿದ್ದೆ ಅಂತ ನಮ್ಮ ಓಣಿಯ ಕೆಲಸ ನನಗೆ ಬಂತು. ಗಂಡಸರು ಹೆಸರು ಕೊಟ್ಟರು. ಹೆಂಗಸರು ಬಾಗಿಲ ಮರೆಯಿಂದ, "ನಾ ಇಂಥಾವ್ರ ಅವ್ವ ಅಂತ ಬರಕೋ" ಅನ್ನುತ್ತಿದ್ದರು. ತಮ್ಮ ಹೆಸರು ಹೇಳರು. ಗಂಡನ ಹೆಸರಂತೂ ಬಾಯಿ ಸುಟ್ಟರೂ ಹೇಳರು.

ಆಗ ನನ್ನ ಕೋತಿಬುದ್ಧಿಗೆ ಒಂದು ದಾರಿ ಹೊಳೆಯಿತು. ಮದುವೆಮನೆಯಲ್ಲಿ ಗಂಡನ ಹೆಸರನ್ನು ಒಡಪಿನೊಳಗೆ ಸೇರಿಸಿ ಹೇಳುವುದು ನಮ್ಮ ಹೆಂಗಸರಿಗೆ ರೂಢಿ — ಎರಡು ಸಾಲು ಪ್ರಾಸ ಕಟ್ಟಿದರೆ ಹೆಸರು ಹೇಳಿದ ದೋಷ ಇಲ್ಲ. ಹೊಸ್ತಿಲ ಮೇಲೆ ಕೂತು, "ಸೀತಾಕಾಕು, ಒಂದು ಒಡಪು ಆಗ್ಲಿ. ಸರ್ಕಾರಕ್ಕ ಹಾಡು ಅಂದ್ರ ಭಾಳ ಇಷ್ಟ ಅದರಿ" ಅಂದೆ.

"ಸರ್ಕಾರಕ್ಕ ಕಿವಿ ಎಲ್ಲ್ಯಾವೋ, ಹುಚ್ಚಪ್ಪ?"

"ನಾನ ರೀ ಸರ್ಕಾರದ ಕಿವಿ. ನಿಮ್ಮ ಸಾರಿಗೆ ಉಪ್ಪೆಷ್ಟು ಅನ್ನೋದೂ ರಾಯಚೂರಾಗ ಗೊತ್ತದ."

ಸೀತಾಕಾಕು ಸೆರಗು ಬಾಯಿಗಿಟ್ಟುಕೊಂಡು ಹೇಳಿಯೇಬಿಟ್ಟಳು: "ಬಿಸಿ ಬಿಸಿ ಸಾರಿಗೆ ಹುಣಸಿ ಹುಳಿ, ಭೀಮರಾಯರಿಗೆ ಬ್ಯಾಸಿಗ್ಯಾಗೂ ಚಳಿ!" ಒಳಗೆ ಭೀಮರಾಯರು ಕೆಮ್ಮಿದರು. ನಾನು ಇಬ್ಬರ ಹೆಸರೂ ಬರೆದುಕೊಂಡೆ.

ಅಷ್ಟು ಸಾಕಾಯಿತು. ಓಣಿಯ ತುಂಬ ಒಡಪು. "ನಿಮ್ಮ ವೋಟಿಗೂ ತಹಶೀಲ್ದಾರರ ವೋಟಿಗೂ ಒಂದೇ ತೂಕ" ಅಂತ ನಾನು ಹೇಳುವುದು, ಅವರು ನಂಬದೆ ನಗುವುದು, ನಕ್ಕು ಹೆಸರು ಕೊಡುವುದು. ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ ಅನ್ನಬೇಕು. ನನ್ನ ಮೇಲಿದ್ದ ಗಿರ್ದಾವರ ಸಾಹೇಬರು ಮಾತ್ರ ಹೊಗಳಲಿಲ್ಲ. ನಾನು ಉತ್ಸಾಹದಲ್ಲಿ ಒಂದು ಮನೆಯ ಅಜ್ಜನ ಹೆಸರನ್ನೂ ಬರೆದಿದ್ದೆ, ಆ ಅಜ್ಜ ತೀರಿಹೋಗಿ ಸಂಕ್ರಾಂತಿ ಕಳೆದಿತ್ತು. "ಮನ್ಯಾಗ ಇರೋರನ್ನ ಬರಿ ಅಂದ್ರ ಸ್ಮಶಾನ ತಿರುಗಾಕತ್ತೀಯೇನಲೇ? ಇನ್ನೊಂದು ಹಿಂಗ ಬರದಿ ಅಂದ್ರ ನಿನ್ನ ಕೆಲಸಾನ ತೆಗೀತೀನಿ" ಅಂದರು. ಆ ಬೈಗುಳ ಇನ್ನೂ ಬೆನ್ನ ಮೇಲಿರುವಾಗಲೇ ನಾನು ಅಂಬಕ್ಕನ ಮನೆಗೆ ಹೋದದ್ದು.

ಅಂಬಕ್ಕ ಗುಂಡಾಚಾರ್ಯರ ಸೊಸೆ. ಆಚಾರ್ಯರ ಒಬ್ಬನೇ ಮಗ ರಾಘಣ್ಣ ಶಾಲೆಯ ಮಾಸ್ತರ. ಮಿಲಿಟರಿ ಬರುವ ಮುಂಚಿನ ಗಲಾಟೆಯ ವರ್ಷ ತುಂಗಭದ್ರೆ ದಾಟಿ ಆಚೆ ದಡದ ಹೋರಾಟದ ಶಿಬಿರಕ್ಕೆ ಹೋದವನು, ಉಳಿದವರೆಲ್ಲ ತಿರುಗಿ ಬಂದರೂ ಬರಲಿಲ್ಲ. ಹೊಳೆಯಲ್ಲಿ ಹೋದ ಅಂತ ಒಬ್ಬರು, ಸೊಲ್ಲಾಪುರದಲ್ಲಿ ಕಂಡೆ ಅಂತ ಇನ್ನೊಬ್ಬರು. ಹೀಗೆ ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು ಅನ್ನುವುದು ಆಚಾರ್ಯರು ನಂಬಿದ ಶಾಸ್ತ್ರ. ನಡುವೆ ಖಚಿತ ಸುದ್ದಿ ಬಂದರೆ ಮಾತ್ರ ಕರ್ಮ ಮಾಡಬಹುದು. ಕರ್ಮ ಆದರೆ — ಸೊಸೆಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸುವುದು ನಮ್ಮ ಮನೆತನಗಳಲ್ಲಿ ಇನ್ನೂ ನಡೆದೇ ಇತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಅನ್ನಲು ಬರುವುದಿಲ್ಲ.

ಅವತ್ತು ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಹಪ್ಪಳ ಲಟ್ಟಿಸುತ್ತಿದ್ದರು. ನನ್ನನ್ನು ಕಂಡದ್ದೇ ನಗು. "ಬಂದಪ್ಪಾ ಸರ್ಕಾರದ ಕಿವಿ!" ಅಂದಳು ಸೀತಾಕಾಕು. ನಾನು ಅಂಬಕ್ಕನ ಕಡೆ ತಿರುಗಿದೆ. "ಅಂಬಕ್ಕಾ, ಒಡಪು."

ಅವಳು ಲಟ್ಟಣಿಗೆ ನಿಲ್ಲಿಸಲಿಲ್ಲ. "ನನ್ನ ಹೆಸರು ಅಂಬಾಬಾಯಿ. ಬರಕೋ. ಅವರದೂ ಬರಕೋ."

"ಅವರದು ಬರಿಲಿಕ್ಕೆ ಬರೂದಿಲ್ಲಕ್ಕ. ಮನ್ಯಾಗ ಇದ್ದವರದು ಅಷ್ಟ."

"ಬರ್ತಾರ. ವೋಟು ಬರೂದ್ರಾಗ ಬರ್ತಾರ. ಬರಕೋ ಶೇಷ್ಯಾ."

ದನಿ ಏರಿಸಲಿಲ್ಲ, ಬೇಡಲೂ ಇಲ್ಲ. 'ಆಮೇಲೆ ನೋಡೋಣ' ಅಂತ ನಾನು ಅಂದಿದ್ದರೆ ಮುಗಿಯುತ್ತಿತ್ತು — ಆದರೆ ಇಡೀ ಓಣಿಯಲ್ಲಿ ಒಡಪು ಹೇಳದವಳು ಇವಳೊಬ್ಬಳೇ, ನನ್ನ ಆಟ ಇಲ್ಲಿ ನಡೆಯಲಿಲ್ಲ, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ... ನಾನು ಎದೆ ಉಬ್ಬಿಸಿ, ತಹಶೀಲ್ದಾರರ ಹಾಗೆ ಎರಡು ಸಲ ಕೆಮ್ಮಿ, ಆ ದನಿಯಲ್ಲೇ ಹೇಳಿದೆ: "ಸತ್ತವರ ಹೆಸರು ಬರೀಬಾರ್ದಂತ ರಾಯಚೂರಿಂದ ಹುಕುಂ ಬಂದದ. ಅದರಾಗ ನಿಮ್ಮ ರಾಘಣ್ಣನ ಹೆಸರೂ ಅದ."

ಯಾರೂ ನಗಲಿಲ್ಲ. ಲಟ್ಟಣಿಗೆಗಳು ನಿಂತವು. ಅಂಬಕ್ಕನದು ಕೊನೆಗೆ ನಿಂತಿತು.

ದೇವರಮನೆಯಿಂದ ಗುಂಡಾಚಾರ್ಯರು ಹೊರಗೆ ಬಂದರು. ಉಟ್ಟ ಮಡಿಪಂಚೆ ಒದ್ದೆಯಿತ್ತು. "ಶೇಷ್ಯಾ, ಖರೇ ಏನಪಾ ಇದು? ಸರ್ಕಾರದ ಮಾತೇನು?"

ಇಲ್ಲಿ, ಓದುವವರೇ, ಒಂದು ಉಸಿರಿನಷ್ಟು ಜಾಗ ಇತ್ತು. ಚಾಷ್ಟಿ ಮಾಡಿದೆ ಆಚಾರ್ರೇ, ನನ್ನ ಕೆನ್ನೆಗೆ ಎರಡು ಬಿಗೀರಿ ಅನ್ನಬಹುದಿತ್ತು. ಅಷ್ಟೂ ಹೆಂಗಸರ ಮುಂದೆ ಸುಳ್ಳುಗಾರನಾಗುವುದು ಹೇಗೆ ಅನ್ನಿಸಿತು. ಸುಳ್ಳು ಒಪ್ಪಿಕೊಳ್ಳುವ ನಾಚಿಕೆಗೆ ಇನ್ನೊಂದು ಸುಳ್ಳು ಹೇಳಿದೆ.

"ಹೌದ್ರಿ, ಆಚಾರ್ರೇ."

ಅವರು ಗೋಡೆ ಹಿಡಿದುಕೊಂಡು ಅಲ್ಲೇ ಕೂತರು. ಅಂಬಕ್ಕ ಎದ್ದು ಒಳಗೆ ಹೋದಳು. ಅಳುವ ಸದ್ದು ಬರಲಿಲ್ಲ. ಅದು ಬಂದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ — ಇಲ್ಲ, ಇದೂ ನನ್ನನ್ನು ನಾನು ಪಾರುಮಾಡುವ ಮಾತು.

ಕರ್ಮಕ್ಕೆ ದಿನ ಗೊತ್ತಾಯಿತು. ಕ್ಷೌರದವನಿಗೆ ಹೇಳಿ ಕಳಿಸಿದರು. ದೇವದುರ್ಗದಲ್ಲಿದ್ದ ಅಂಬಕ್ಕನ ಅಣ್ಣನಿಗೂ ಹೇಳಿ ಕಳಿಸಿದರು. ನಾನು ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಅಂತ ಹೊರಡುವುದು, ಆಚಾರ್ಯರ ಕಟ್ಟೆ ಕಂಡ ಕೂಡಲೇ ತಿರುಗಿ ಬರುವುದು. ಮನೆಯಲ್ಲಿ ಅವ್ವ, "ಇವನಿಗೇನೋ ಬ್ಯಾಸಿಗಿ ಬಡದದ" ಅಂತ ನನ್ನ ತಲೆಗೆ ಹರಳೆಣ್ಣೆ ತಟ್ಟಿದಳು. ಎಣ್ಣೆ ಇಳಿಯುವ ತಲೆ ಹೊತ್ತುಕೊಂಡು, ಕರ್ಮದ ಹಿಂದಿನ ದಿನ ಕೊನೆಗೂ ಒಳಗೆ ಹೋದೆ.

ಆಚಾರ್ಯರು ಪಡಸಾಲೆಯಲ್ಲಿ ಒಬ್ಬರೇ ಕೂತು ದರ್ಭೆ ಆರಿಸುತ್ತಿದ್ದರು. ಸುಡಲು ದೇಹ ಇಲ್ಲದಿದ್ದರೆ ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ ಸುಡುತ್ತಾರೆ. ಮಗನನ್ನು ಕಟ್ಟುವುದಕ್ಕೆ ಅವರು ಒಂದೊಂದೇ ಎಳೆ ಹಿಡಿದು ನೋಡಿ ಪಕ್ಕಕ್ಕಿಡುತ್ತಿದ್ದರು. ನನ್ನನ್ನು ಕಂಡು, "ಬಾ ಕೂಡು. ನೀ ಸುದ್ದಿ ತಂದದ್ದು ಚೊಲೋ ಆತಪಾ. ಇಷ್ಟು ದಿನ ಅವಗ ಊಟಕ್ಕ ಎಲಿ ಹಾಕಲ್ಯೋ, ಪಿಂಡ ಇಡಲ್ಯೋ ತಿಳೀಲಾರದ ಕೂತಿದ್ದೆ. ಈಗ ಅಳಲಿಕ್ಕರೆ ಬರ್ತದ" ಅಂದರು.

ಆ ಮುದುಕನ ಕೈಯಿಂದ ಅಳುವುದನ್ನೂ ಕಿತ್ತುಕೊಳ್ಳಲೇ? ನಾನು ಕೂತೆ. ದರ್ಭೆ ಆರಿಸಿಕೊಟ್ಟೆ. ಹೌದು — ಆರಿಸಿಕೊಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಅಂಬಕ್ಕ ನಿಂತು ಅದನ್ನು ನೋಡುತ್ತಿದ್ದಳು. ಹಣೆಯಲ್ಲಿ ಕುಂಕುಮ ಇನ್ನೂ ಇತ್ತು. ಇನ್ನೊಮ್ಮೆ ಅವಳ ಕಡೆ ತಲೆ ಎತ್ತುವ ಧೈರ್ಯ ಆಗಲಿಲ್ಲ, ಹಾಗೇ ಹೊರಟುಬಂದೆ.

ಮರುದಿನ ಬೆಳಿಗ್ಗೆ ಕ್ಷೌರದವನು ಬಂದು ಕಟ್ಟೆಯ ಮೇಲೆ ಕೂತ. ನಾನು ಗುಡಿಯ ಕಂಬದ ಹಿಂದೆ. ಒಳಗಿನಿಂದ ಯಾರೋ ಕೂಗಿದರು, ಯಾರೋ ಹಿತ್ತಲಿಗೆ ಓಡಿದರು. ಅಂಬಕ್ಕ ಇರಲಿಲ್ಲ. ಕರ್ಮಕ್ಕೆಂದು ಬಂದಿದ್ದ ಅಣ್ಣ ನಸುಕಿನಲ್ಲೇ ಬಂಡಿ ಹೂಡಿ ತಂಗಿಯನ್ನು ದೇವದುರ್ಗಕ್ಕೆ ಕರೆದುಕೊಂಡು ಹೋಗಿದ್ದ. ಕಂಬ ತಬ್ಬಿಕೊಂಡು ನಾನು ಅತ್ತೆ. ಅವಳನ್ನು ಉಳಿಸಿದ್ದು ನಾನಲ್ಲ ಅನ್ನುವುದು ಆ ಅಳುವಿನಲ್ಲಿ ನೆನಪಿರಲಿಲ್ಲ.

ಉಳಿದದ್ದಾದರೂ ಎಷ್ಟು? ಆಚಾರ್ಯರು ದರ್ಭೆಯ ಮಗನನ್ನು ಸುಟ್ಟರು. ಓಡಿಹೋದ ಸೊಸೆಗೆ ಈ ಮನೆಯ ಹೊಸ್ತಿಲು ಇನ್ನಿಲ್ಲ ಅಂದರು. ಈಗ ತಾವೇ ಬೇಯಿಸಿಕೊಂಡು, ಅರ್ಧ ಬೆಂದ ಅನ್ನ ಉಣ್ಣುತ್ತಾರೆ.

ಇನ್ನು ನನ್ನ ಓಣಿ. ಕೊಟ್ಟ ಹೆಸರು ತಿರುಗಿ ಕೇಳಲು ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಸೀತಾಕಾಕು. "ಅಳಿಸಿಬಿಡಪಾ. ನಿಮ್ಮ ಸರ್ಕಾರ ಹೆಸರು ಕೇಳತದ, ಆಮ್ಯಾಲ ಗಂಡನ್ನ ಸತ್ತ ಅಂತದ. ನಮ್ಮವರು ಚಳ್ಯಾಗರೆ ಬದಕಿರ್ಲಿ, ವೋಟು ನಮಗ ಬ್ಯಾಡ." ಒಬ್ಬಳೂ ನಗಲಿಲ್ಲ. ಸರ್ಕಾರ ಹಾಗೆ ಹೇಳಿಲ್ಲ ಅನ್ನಲು ಬಾಯಿ ತೆರೆದೆ — ಹಾಗಾದರೆ ಯಾರು ಹೇಳಿದರು ಅಂತ ಕೇಳುತ್ತಾರಲ್ಲ? ಮುಚ್ಚಿದೆ. ಅವರ ಹೆಸರಿನ ಮೇಲೆ ನನ್ನ ಕೈಯಾರೆ ಗೀಟು ಎಳೆದೆ.

ಗಿರ್ದಾವರ ಸಾಹೇಬರು ಬೈದರು, ಕೆಲಸದಿಂದ ತೆಗೆದರು. ಅದು ಶಿಕ್ಷೆ ಅಂತ ಅನ್ನಿಸಲೇ ಇಲ್ಲ.

ಮಳೆಗಾಲ ಕಳೆದ ಮೇಲೆ ದೇವದುರ್ಗಕ್ಕೆ ಹೋದೆ. ಬಂಡಿಯಲ್ಲಿ ಕೂತು ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿದೆ. ನಡುನಡುವೆ ಅವಳು ಸ್ವಲ್ಪ ನಗುವಂಥದ್ದು ಏನಾದರೂ ಇರಲಿ ಅಂತಲೂ ಸೇರಿಸಿದೆ — ಅಂಥ ಕತ್ತೆ ನಾನು. ಅಂಬಕ್ಕ ಅಣ್ಣನ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆಯಲ್ಲಿ ಕೂದಲಿತ್ತು, ಹಣೆಯಲ್ಲಿ ಕುಂಕುಮ. ಮುಖ ಮಾತ್ರ ಮಾನ್ವಿಯಲ್ಲಿ ಕಂಡದ್ದಲ್ಲ, ಇಳಿದುಹೋಗಿತ್ತು. ಜೋಡಿಸಿದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಹುಕುಂ ಬಂದಿರಲಿಲ್ಲಕ್ಕ. ನಾನ ಹೇಳಿದ್ದು. ಚಾಷ್ಟಿ..." ಅಂದೆ.

ಅವಳು ಮೊರ ಕೆಳಗಿಟ್ಟಳು. "ಗೊತ್ತಿತ್ತು" ಅಂದಳು. "ತಹಶೀಲ್ದಾರರ ಕೆಮ್ಮು ಕೆಮ್ಮಿದ್ಯಲ್ಲ, ಅವಾಗ ಗೊತ್ತಾತು. ನನ್ನ ಮಾತು ಯಾರು ಕೇಳ್ತಿದ್ದರು? ನೀ ಹೇಳ್ತಿ, ಇವತ್ತು ಹೇಳ್ತಿ, ನಾಳಿ ಹೇಳ್ತಿ ಅಂತ ಕಾದೆ. ದರ್ಭಿ ಆರಿಸಲಿಕತ್ತಿದಿ ನೋಡು, ಅವಾಗ ಕಾಯೂದು ಬಿಟ್ಟೆ."

ನಾನು ಅವಳ ಕಾಲಿಗೆ ಬಿದ್ದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

ನಾಳೆ ಗುಂಡಾಚಾರ್ಯರ ಪಡಸಾಲೆಗೆ ಹೋಗುವವನಿದ್ದೇನೆ. ಸೀತಾಕಾಕುವಿಗೂ ಉಳಿದವರಿಗೂ ಅಲ್ಲಿಗೆ ಬರಲು ಹೇಳಿದ್ದೇನೆ. ಯಾಕೆ ಅಂತ ಹೇಳಿಲ್ಲ. ಅಲ್ಲಿ ನಾಲಗೆ ತಪ್ಪಬಾರದು ಅಂತಲೇ ಇದನ್ನು ಬರೆದು ನೋಡಿದೆ. ಬರೆಯುವಾಗಲೂ ಎಷ್ಟು ಕಡೆ ನಿಮ್ಮನ್ನು ನಗಿಸಲು ಹೋಗಿದ್ದೇನೆ ಅಂತ ಈಗ ಕಾಣುತ್ತಿದೆ. ದೇವದುರ್ಗದ ಅಂಗಳದಲ್ಲಿ ಅಂಬಕ್ಕ ಮೊರ ಮತ್ತೆ ಕೈಗೆ ತೆಗೆದುಕೊಂಡು ನನಗೆ ಹೇಳಿದ್ದು ಇಷ್ಟು:

"ನನ್ನ ಮುಂದ ಯಾಕ ಹೇಳ್ತಿ? ನನಗ ಗೊತ್ತಿದ್ದದ್ದ ಅದು. ಯಾರ ಮುಂದ ಅವರನ್ನ ಸಾಯಿಸಿದ್ಯಲ್ಲ, ಅವರ ಮುಂದ ಹೋಗಿ ಹೇಳು. ನಿನ್ನ ದನೀಲೆ ಹೇಳು. ಯಾರನೂ ನಗಸಬ್ಯಾಡ."