ದೇವರನ್ನು ಗದರುತ್ತಿದ್ದ ಸಿಸ್ಸಿಬಾಯಿ

ಸಿಸ್ಸಿಬಾಯಿ ದೇವರನ್ನು ಕನ್ನಡದಲ್ಲಿ ಗದರುತ್ತಿದ್ದರು. ಜಪಸರ ಕೊಂಕಣಿಯಲ್ಲಿ, ಫಾದರ್ ಜೊತೆ ಮಾತು ಇಂಗ್ಲಿಷಿನಲ್ಲಿ, ಮೀನಿನವಳ ಜೊತೆ ಜಗಳ ಮರಾಠಿಯಲ್ಲಿ. ಮೇಲಿನವನ ಮೇಲೆ ಸಿಟ್ಟು ಬಂದಾಗ ಮಾತ್ರ ಉಡುಪಿ ಕಡೆಯ ಕನ್ನಡ. ಯಾಕೆಂದು ಒಮ್ಮೆ ಕೇಳಿದೆ. "ಶಾಲೆಯಲ್ಲಿ ಟೀಚರ್ ನಮಗೆ ಬೈದದ್ದೆಲ್ಲ ಕನ್ನಡದಲ್ಲೇ ಅಲ್ವಾ ಮಾರಾಯ. ಸರಿಯಾಗಿ ಬೈಲಿಕ್ಕೆ ಬೇರೆ ಭಾಷೆ ನನಗೆ ಬರುವುದಿಲ್ಲ" ಎಂದರು.

ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅವರದ್ದು ನಮ್ಮ ಎದುರಿನ ಮನೆ. ಬೆಳಿಗ್ಗೆ ನಾನು ಗಡ್ಡ ಹೆರೆಯುವಾಗ "ನಲ್ಲಿಯಲ್ಲಿ ನೀರಿಲ್ಲ, ನಿನಗೆ ಕಣ್ಣು ಕಾಣುವುದಿಲ್ವಾ?" ಎಂದು ಕೇಳಿಸುತ್ತಿತ್ತು. ನಮ್ಮ ವಾಚ್‌ಮನ್‌ಗೆ ಕನ್ನಡ ಬಾರದು. ಹಾಗಾಗಿ ಆ ಮಾತು ಯಾರಿಗೆಂದು ನನಗೆ ಅನುಮಾನವಿರುತ್ತಿರಲಿಲ್ಲ.

ಫೋರ್ಟಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು ಅವರು. ಗಂಡ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಜೋಗೇಶ್ವರಿಯಲ್ಲಿದ್ದಳು. ಕುಳ್ಳನೆಯ ದೇಹ, ಹೂವಿನ ಫ್ರಾಕು, ಇಡೀ ಮಹಡಿಗೆ ಸಾಲುವಷ್ಟು ಗಂಟಲು. ನಾನೋ ಧಾರವಾಡದ ಕನ್ನಡ ಕಥೋಲಿಕ, ಅದೂ ಶಾಲೆಯ ಸರ್ಟಿಫಿಕೇಟಿನಲ್ಲಿ ಬರೆದಿರುವಷ್ಟರ ಮಟ್ಟಿಗೆ. ದೇವರ ಮೇಲೆ ನನಗೆ ನಂಬಿಕೆ ಇರಲಿಲ್ಲವೆಂದಲ್ಲ. ಆದರೆ ಭಾನುವಾರ ಬೆಳಿಗ್ಗೆ ನಿದ್ದೆಯ ಮೇಲೆ ಅದಕ್ಕಿಂತ ಹೆಚ್ಚು ನಂಬಿಕೆ ಇತ್ತು.

ನಾವು ಆ ಬಿಲ್ಡಿಂಗಿಗೆ ಬಂದ ವರ್ಷವೇ ಜನವರಿ ಒಂದರ ನಸುಕಿನಲ್ಲಿ ಅವರು ಬೆಲ್ ಒತ್ತಿದರು. "ದೇವಮಾತೆಯ ಹಬ್ಬ. ವರ್ಷದ ಮೊದಲ ಪೂಜೆಗೆ ಹೋಗುವ, ಏಳು." ಹೆಂಡತಿ ರೀಟಾ ಆಗಲೇ ತಯಾರಾಗಿ ನಿಂತಿದ್ದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂಬುದು ಆಮೇಲೆ ತಿಳಿಯಿತು. ಅಂಗಿ ಉಲ್ಟಾ ತೊಟ್ಟುಕೊಂಡು ಹೋದೆ. ಫಾದರ್ ಪ್ರಸಂಗ ಶುರುಮಾಡುತ್ತಲೇ ಭಕ್ತಿಯಿಂದ ಕಣ್ಣು ಮುಚ್ಚಿದೆ. ತೆರೆದಾಗ ಎಲ್ಲರೂ ಮೊಣಕಾಲೂರಿದ್ದರು, ನಾನೊಬ್ಬನೇ ಬೆಂಚಿಗೊರಗಿ ಬಾಯಿ ತೆರೆದು ಕೂತಿದ್ದೆ.

ಹೊರಗೆ ಬಂದ ಮೇಲೆ ಮಾನ ಉಳಿಸಿಕೊಳ್ಳಲು ನನ್ನ ಸಂಕಲ್ಪಗಳನ್ನು ಘೋಷಿಸಿದೆ. "ಈ ವರ್ಷ ದಿನಾ ಬೈಬಲ್ ಓದ್ತೀನ್ರಿ ಬಾಯಿ. ಸಿಟ್ಟು ಬಿಡ್ತೀನಿ. ಮುಂಜಾನೆದ್ದು ವಾಕಿಂಗೂ ಹೋಗಾಂವ."

"ನಿನ್ನ ಸಂಕಲ್ಪ ವಿರಾರ್ ಫಾಸ್ಟ್ ಟ್ರೇನ್ ಹತ್ತಿದ ಹಾಗೆ ಮಾರಾಯ. ಹತ್ತುವುದು ಹತ್ತುತ್ತೀ. ಬೊರಿವಲಿ ಬಂದಾಗ ಆ ರಶ್ಶಿನಲ್ಲಿ ಇಳೀಲಿಕ್ಕೆ ಆಗುವುದಿಲ್ಲ."

ಅವರು ಹೇಳಿದಂತೆಯೇ ಆಯಿತು. ಬೈಬಲ್ಲಿನಲ್ಲಿ ನಾನು ನೋಹನ ಹಡಗು ಹತ್ತುವಷ್ಟರಲ್ಲೇ ವ್ರತ ಮುಳುಗಿತು.

ನಮ್ಮ ಗಲ್ಲಿಯಲ್ಲಿ ಡಿಸೆಂಬರ್ ಕೊನೆಯ ದಿನ ಹಳೆ ಬಟ್ಟೆಗೆ ಹುಲ್ಲು ತುರುಕಿ 'ಓಲ್ಡ್ ಮ್ಯಾನ್' ಮಾಡಿ ಕೂರಿಸುತ್ತಾರೆ, ಆಮೇಲೆ ಹಳೆ ವರ್ಷವೆಂದು ಅದನ್ನು ಸುಡುತ್ತಾರೆ. ಒಂದು ವರ್ಷ ರೀಟಾ ನನ್ನ ಹಳೆಯ ಆಫೀಸ್ ಪ್ಯಾಂಟು, ಕೋಟು ಕೊಟ್ಟುಬಿಟ್ಟಳು. ಸಂಜೆ ಬಂದು ನೋಡುತ್ತೇನೆ, ಗೇಟಿನ ಹತ್ತಿರ ನನ್ನದೇ ಹೊಟ್ಟೆ, ನನ್ನದೇ ಇಳಿಬಿದ್ದ ಹೆಗಲು! ವಾಚ್‌ಮನ್ ಅದಕ್ಕೊಂದು ಸಲಾಮು ಹೊಡೆದ. ನಾನು ನಗುತ್ತ, "ನೋಡ್ರಿ ಬಾಯಿ, ಇವತ್ತ ಹಳೇ ಜೋಸೆಫ್ ಸುಟ್ಟ ಬೂದಿ ಆಗ್ತಾನ" ಎಂದೆ.

"ಅವನನ್ನು ಸುಟ್ಟು ಎಂತ ಆಗ್ಲಿಕ್ಕಿದೆ? ನಾಳೆ ಹಾಸಿಗೆಯಿಂದ ಏಳುವುದು ನೀನೇ ಅಲ್ವಾ" ಎಂದರು ಬಾಯಿ.

ಹೀಗೆ ಅವರು ಹೇಳುವುದು, ನಾನು ಪೆಚ್ಚಾಗುವುದು ಚೆನ್ನಾಗಿಯೇ ನಡೆದಿತ್ತು. ಮತ್ತೊಂದು ವರ್ಷ ಕ್ರಿಸ್ಮಸ್ ಮುಗಿಯುತ್ತಲೇ ರೀಟಾಳ ಎದೆಯಲ್ಲಿ ಗಂಟು ಕಾಣಿಸಿತು. ಡಾಕ್ಟರು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಹೊಸ ವರ್ಷದ ರಜೆ ಕಳೆದ ಮೇಲೆಯೇ ಎಂದರು.

ಆ ಸಲ ಜನವರಿ ಒಂದರಂದು ಯಾರೂ ನನ್ನನ್ನು ಎಬ್ಬಿಸಬೇಕಾಗಲಿಲ್ಲ. ಚರ್ಚಿನಲ್ಲಿ ಮೊಣಕಾಲೂರಿ ಹರಕೆ ಹೊರತೊಡಗಿದೆ. ಗಂಟು ಸುಳ್ಳಾದರೆ ಸಿಗರೇಟ್ ಬಿಡುತ್ತೇನೆ. ಮಟನ್ ಬಿಡುತ್ತೇನೆ. ಬರಿಗಾಲಲ್ಲಿ ಬಾಂದ್ರಾದ ಮಾತೆಯ ಗುಡ್ಡಕ್ಕೆ ನಡೆಯುತ್ತೇನೆ. ನಡುವೆ ಒಂದು ಅನುಮಾನ ಬಂದು, ಮಟನ್ನಿನಲ್ಲಿ ಖೀಮಾ ಸೇರುವುದಿಲ್ಲವೆಂದು ತಿದ್ದುಪಡಿಯನ್ನೂ ಮಾಡಿದೆ. ಪಿಸುಗುಟ್ಟುತ್ತಿದ್ದೇನೆಂದು ನನ್ನ ಭಾವನೆ. ಮುಂದಿನ ಬೆಂಚಿನವರು ಎರಡು ಸಲ ತಿರುಗಿ ನೋಡಿದ್ದರು.

ಮೆಟ್ಟಿಲಿಳಿಯುವಾಗ ಸಿಸ್ಸಿಬಾಯಿ ನನ್ನ ತೋಳು ಹಿಡಿದರು. "ದೇವರ ಹತ್ತಿರ ಬಂಗುಡೆ ಚೌಕಾಸಿ ಮಾಡಿದ ಹಾಗೆ ಮಾಡ್ತೀಯಲ್ಲ. ಅವನಿಗೆ ನಿನ್ನ ಖೀಮಾ ತೆಗೆದುಕೊಂಡು ಎಂತ ಮಾಡ್ಲಿಕ್ಕುಂಟು?"

"ಮತ್ತ ಏನಂತ ಕೇಳಲ್ರಿ ಬಾಯಿ? ನನಗ ಅಂಜಿಕಿ ಆಗೇದ."

"ಹಾಗೇ ಹೇಳು. ಅಂಜಿಕೆ ಆಗಿದೆ, ಜೊತೆಗೆ ಇರು, ಅಂತ. ಅದು ಬಿಟ್ಟು ಬೇರೆಲ್ಲ ಹೇಳ್ತಾ ಕೂತಿದ್ದೀ."

ರಿಪೋರ್ಟ್ ಬರುವ ದಿನ ಅವರೂ ಆಸ್ಪತ್ರೆಗೆ ಬಂದರು. ಡಾಕ್ಟರ ಕೋಣೆಯ ಬಾಗಿಲಿನವರೆಗೆ ಹೋದೆ. ಗಂಡಸು ನಾನು, ಹೆಂಡತಿಗೆ ಧೈರ್ಯ ಹೇಳಬೇಕಾದವನು, ಹೆಂಗಸರಿಬ್ಬರ ಪರ್ಸು, ಚೀಲ, ನೀರಿನ ಬಾಟಲಿ ತಬ್ಬಿಕೊಂಡು ಹೊರಗೇ ಉಳಿದೆ. ಬಾಯಿ ರೀಟಾಳ ಕೈ ಹಿಡಿದು ಒಳಗೆ ಹೋದರು. ಹೊರಗೆ ಬಂದಾಗ ರೀಟಾ ಅಳುತ್ತಿರಲಿಲ್ಲ. "ಕ್ಯಾನ್ಸರ್ ಅಂತ. ಆದ್ರ ಲಗೂನ ಸಿಕ್ಕೇತಿ ಅಂದ್ರು" ಎಂದಳು. ಬಾಟಲಿ ನನ್ನ ಕೈಯಿಂದ ಬಿತ್ತು. ಅದನ್ನು ಎತ್ತಿಕೊಟ್ಟವಳೂ ಅವಳೇ.

ಮುಂದಿನ ಭಾನುವಾರ ನಾನು ಚರ್ಚಿಗೆ ಬರುವುದಿಲ್ಲವೆಂದೆ. ರೀಟಾ ಏನೋ ಹೇಳಹೋದಾಗ ಚಹಾದ ಕಪ್ಪನ್ನು ಕುಕ್ಕಿದೆ. ಕಪ್ಪಿನ ಸದ್ದಿಗೆ ಎದುರು ಮನೆಯ ಬಾಗಿಲು ತೆರೆಯಿತು.

"ಬರ್ಬೇಡ," ಎಂದರು ಸಿಸ್ಸಿಬಾಯಿ. "ಮನೆಯಲ್ಲೇ ಕೂತು ಬೈ. ಆದ್ರೆ ಅವನಿಗೇ ಬೈ. ಈ ಹುಡುಗಿಯ ಮೇಲೆ ಹಾರ್ಬೇಡ. ಮಾತು ಬಿಡ್ಬೇಡ ಮಾರಾಯ, ಅಷ್ಟೇ. ಎಷ್ಟು ಸಿಟ್ಟಿದ್ರೂ ಫೋನ್ ಕೆಳಗಿಡ್ಬಾರ್ದು."

ಅವರಿಬ್ಬರೂ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಶಿಲುಬೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ದೊಡ್ಡ ಭಾಷಣಕ್ಕೆ ತಯಾರಾದೆ. "ಯಪ್ಪಾ ದೇವ್ರ, ಏನ್ ಮಾಡಾಕತ್ತೀ ನೀ?" ಎಂದಷ್ಟೇ ಬಂತು. ಮುಂದಿನದನ್ನು ನೆಲದ ಮೇಲೆ ಕೂತು ಅತ್ತು ಮುಗಿಸಿದೆ. ಆಮೇಲೆ ಎದ್ದು ಅನ್ನಕ್ಕಿಟ್ಟೆ. ಅದು ಸೀದುಹೋಯಿತು. ಚರ್ಚಿನಿಂದ ಬಂದವರಿಬ್ಬರೂ ಅದನ್ನೇ ಉಂಡರು.

ಆ ವರ್ಷವೆಲ್ಲ ಚಿಕಿತ್ಸೆ. ರೀಟಾಳ ಕೂದಲು ಉದುರಿತು. ಸಿಸ್ಸಿಬಾಯಿ ಅವಳಿಗೆ ಗಂಜಿ, ಒಣಮೀನಿನ ಚಟ್ನಿ ತಂದುಕೊಟ್ಟು, ಮೇಲೆ ನೋಡಿ ಗದರುತ್ತ, ಪಕ್ಕದಲ್ಲೇ ಕೂತಿರುತ್ತಿದ್ದರು. ನಾನೂ ಭಾನುವಾರ ಚರ್ಚಿಗೆ ಹೋಗತೊಡಗಿದೆ. ದೊಡ್ಡ ಭಕ್ತನಾದೆನೆಂದು ತಿಳಿಯಬೇಡಿ. ಪ್ರಸಂಗಕ್ಕೆ ಈಗಲೂ ಕಣ್ಣು ಎಳೆಯುತ್ತದೆ. ಕೂದಲು ಮತ್ತೆ ಬಂದಿತು, ಮೊದಲಿಗಿಂತ ಗುಂಗುರಾಗಿ.

ಸಿಸ್ಸಿಬಾಯಿ ಈಗಿಲ್ಲ. ಈ ವರ್ಷ ಜನವರಿ ಮುಗಿಯುವ ಮೊದಲೇ ಹೋದರು. ಡಿಸೆಂಬರಿನಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದಿತ್ತು, ಮಾತು ತೊದಲುತ್ತಿತ್ತು. ಮಗಳು ಬಂದು ಜೊತೆಗಿದ್ದಳು. ನಾನು ಅವರೊಡನೆ ಮಾತಾಡಿದ್ದು ಹೊಸ ವರ್ಷದ ದಿನವೇ ಕೊನೆ. ಪೂಜೆ ಮುಗಿಸಿ ರೀಟಾ ಮತ್ತು ನಾನು ನೇರ ಅವರ ಮನೆಗೆ ಹೋದೆವು. ರೀಟಾ ಚಹಾ ಮಾಡಲು ಮಗಳ ಜೊತೆ ಒಳಗೆ ಹೋದಳು. ನಾನು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡೆ.

"ನನಗಾಗಿ... ಪ್ರಾರ್ಥನೆ ಮಾಡು," ಎಂದರು. "ಜೋರಾಗಿ. ಕನ್ನಡದಲ್ಲಿ."

ನನಗೆ ಬರುತ್ತಿದ್ದದ್ದು ಒಂದೇ. ಧಾರವಾಡದಲ್ಲಿ ಅವ್ವ ಮಲಗುವ ಮೊದಲು ಹೇಳಿಸುತ್ತಿದ್ದ, ಪರಲೋಕದ ತಂದೆಗೆ ಹೇಳುವ ಪ್ರಾರ್ಥನೆ. ಶುರುಮಾಡಿದೆ. ಆತನ ಹೆಸರು, ಆತನ ರಾಜ್ಯ ಎಲ್ಲ ಸಲೀಸಾಗಿ ಬಂತು. ಆತನ ಇಷ್ಟದಂತೆಯೇ ಆಗಲಿ ಎನ್ನುವ ಸಾಲಿಗೆ ಬಂದಾಗ ನಿಲ್ಲಿಸಿದೆ. ಸೊಟ್ಟಗಾದ ಆ ತುಟಿ, ಹೊದಿಕೆಯ ಮೇಲೆ ಬಿದ್ದ ಆ ಕೈ ನೋಡುತ್ತ ಅದನ್ನು ಹೇಳಲು ನನ್ನಿಂದಾಗಲಿಲ್ಲ.

ಸಿಸ್ಸಿಬಾಯಿ ಕಣ್ಣು ತೆರೆದರು. "ಮರ್ತು ಹೋಯ್ತಾ?"

"ಹೂಂನ್ರಿ ಬಾಯಿ," ಎಂದೆ.

ಅವರು ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಸಾಲನ್ನು, ತೊದಲುವ ಒಂದೊಂದು ಪದವನ್ನೂ ಎತ್ತಿ ಇಡುತ್ತ, ಪೂರ್ತಿ ತಾವೇ ಹೇಳಿದರು.

"ಮುಂದಿನದ್ದು ನೀನು ಹೇಳು" ಎಂದರು.

ಹೇಳಿದೆ.