ಹತ್ತು ಹೆಜ್ಜೆ ಪಕ್ಕಕ್ಕೆ

ಕಾಯಿಲ್ ಅಕ್ಕನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಸುಟ್ಟುಹೋದ ಸ್ಪೀಕರಿನ ಕಾಯಿಲ್ ಬಿಚ್ಚಿ, ಕೂದಲೆಳೆಯಂಥ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿ, ಹರಿದ ಕಾಗದದ ಕೋನಿಗೆ ಅಂಟು ಹಚ್ಚಿ, ಅದಕ್ಕೆ ಮತ್ತೆ ಬಾಯಿ ಬರಿಸುತ್ತಾಳೆ. ಬೆರಳ ತುದಿಗಳಲ್ಲಿ ಬೆಸುಗೆ ಕಡ್ಡಿ ತಗುಲಿದ ಕಲೆಗಳು. ದೇವರು ಅವಳಿಗೆ ಕಿವಿಯನ್ನು ಧಾರಾಳವಾಗಿ ಕೊಟ್ಟ. ಜೊತೆಗೆ ಮೂಗಿನ ತುದಿಯ ಸಿಟ್ಟನ್ನೂ ಗಂಟು ಕಟ್ಟಿ ಕಳಿಸಿದ.

"ಸ್ವಲ್ಪ ಗೊರಗೊರ ಅಂದ್ರೆ ಅನ್ಲಿ, ಪರವಾಗಿಲ್ಲ, ಕೊಟ್ಬಿಡಿ" ಎಂದು ಯಾರಾದರೂ ಗಿರಾಕಿ ಆತುರ ಮಾಡಿದರೆ, ತಲೆ ಎತ್ತದೆ ಹೇಳುತ್ತಾಳೆ: "ನಿಮಗೆ ಪರವಾಗಿಲ್ಲ. ನನಗಿದೆ. ನಾಳೆ ಬನ್ನಿ."

ದೋಷ ಇಟ್ಟುಕೊಂಡ ಸ್ಪೀಕರ್ ಡಬ್ಬ ಅವಳ ಅಂಗಡಿಯ ಹೊಸಿಲು ದಾಟಿದ್ದಿಲ್ಲ. ಇಪ್ಪತ್ತೆರಡು ವರ್ಷದಿಂದ ಹಾಗೆಯೇ.

ಅವಳ ಒಬ್ಬಳೇ ಗೆಳತಿ ಗುಬ್ಬಿ. ಮೂರನೇ ಕ್ಲಾಸಿನಲ್ಲಿ ಬಿದ್ದ ಅಡ್ಡಹೆಸರು, ನಲವತ್ತೆರಡಾದರೂ ಬಿಟ್ಟಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸ. ಎಡಗಿವಿ ನಾಲ್ಕು ವರ್ಷದ ಹಿಂದೆಯೇ ಹೋಯಿತು. ಈಗ ಬಲಗಿವಿ ಹೋಗುತ್ತಿದೆ. ಒಂದೊಂದು ಹೆಸರನ್ನು ಮೂರು ಸಲ ಕೇಳುತ್ತಾಳೆ. ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು, ಎಂದರು ಕಿವಿಯ ಡಾಕ್ಟರು. ಆಮೇಲೆ ಯಂತ್ರ ಹಾಕಿಕೊಂಡರೆ ಮಾತು ಸಿಗಬಹುದು, ಹಾಡು ಸಿಗುವುದು ಕಷ್ಟ.

ಆ ದಿನ ಗುಬ್ಬಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಅತ್ತಳು. ಕಾಯಿಲ್ ಅಕ್ಕನಿಗೆ ಸಮಾಧಾನ ಮಾಡಲು ಬರುವುದಿಲ್ಲ. ಮೂಲೆಯಲ್ಲಿದ್ದ ದೊಡ್ಡ ಡಬ್ಬವನ್ನು ಎಳೆದು ತಂದು, ಗುಬ್ಬಿಯ ಎರಡೂ ಅಂಗೈಯನ್ನು ಅದಕ್ಕೆ ಒತ್ತಿ, ಹಾಡು ಹಾಕಿದಳು.

"ಕಿವಿ ಹೋದ್ರೆ ಹೋಗ್ಲಿ ಕಣೇ. ಈ ಧಿಮ್ ಧಿಮ್ ಅನ್ನೋ ದಪ್ಪ ಸದ್ದು ನೇರ ಎದೆಗೇ ಬರತ್ತೆ. ಅದಕ್ಕೆ ಕಿವಿಯ ಅಪ್ಪಣೆ ಬೇಡ."

"ಡಬ್ಬ ಮುಟ್ಕೊಂಡ್ರೆ ಯಾರಿಗಾದ್ರೂ ಬರತ್ತೆ. ಬಯಲಲ್ಲಿ ಸುಮ್ನೆ ನಿಂತಾಗ ಬರತ್ತಾ? ಕಿವಿ ಪೂರ್ತಿ ಹೋಗೋದ್ರೊಳಗೆ ನಂಗದು ಗೊತ್ತಾಗ್ಬೇಕು."

ಹಾಗೆ ಇಬ್ಬರೂ ಪರದೇಶಕ್ಕೆ ಹೊರಟರು. ಅಲ್ಲಿ ಒಂದು ಬಯಲಿನಲ್ಲಿ ಒಂದೇ ದಿನದ ಎಲೆಕ್ಟ್ರಾನಿಕ್ ಸಂಗೀತದ ಉತ್ಸವ. ಗುಬ್ಬಿ ಹತ್ತು ವರ್ಷದಿಂದ ಕೇಳುತ್ತಿದ್ದ ಒಬ್ಬ ಹೆಂಗಸು ಮಧ್ಯಾಹ್ನ ಮೂರಕ್ಕೆ ಅಲ್ಲಿನ ಸಣ್ಣ ವೇದಿಕೆಯಲ್ಲಿ ನುಡಿಸುವುದಿತ್ತು. ಕಿವಿಯ ಡಾಕ್ಟರು ಒಪ್ಪಿದ್ದು ಅದೊಂದಕ್ಕೇ, ಅದೂ ಕಿವಿಗೆ ಸ್ಪಂಜಿನ ಬಿರಡೆ ಹಾಕಿಕೊಂಡರೆ.

ಕಾಯಿಲ್ ಅಕ್ಕನ ಸಿಟ್ಟು ಬಾಗಿಲಲ್ಲೇ ಶುರುವಾಯಿತು. ಕಾವಲಿನವನು ಬ್ಯಾಗು ತಡಕಿ ಅವಳ ಟೆಸ್ಟರನ್ನು ಕಿತ್ತುಕೊಂಡ.

"ಇಲ್ಲಿಗೂ ಟೆಸ್ಟರ್ ತಂದಿದ್ದೀಯಾ?" ಎಂದು ಗುಬ್ಬಿ ನಕ್ಕಳು.

"ನಿನ್ನ ಬ್ಯಾಗಲ್ಲಿ ಬಾಚಣಿಗೆ ಇಲ್ವಾ? ಅದನ್ನ ಕಿತ್ಕೊಂಡನಾ ಅವನು?"

ಒಳಗೆ ಕಾಲು ಹೂತುಹೋಗುವ ಕೆಸರು, ಶೌಚಕ್ಕೆ ಮುಕ್ಕಾಲು ಗಂಟೆಯ ಸಾಲು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಕಾಯಿಲ್ ಅಕ್ಕ ವೇದಿಕೆಯ ಎಡಬಲದ ಡಬ್ಬಗಳ ಗೋಪುರಗಳನ್ನು ನೋಡಿದಳು, ಹೆಜ್ಜೆ ಹಾಕಿ ಅಳೆದಳು, ಎರಡಕ್ಕೂ ಸಮದೂರದಲ್ಲಿ ಗುಬ್ಬಿಯನ್ನು ತಂದು ನಿಲ್ಲಿಸಿದಳು. "ಇದೇ ಜಾಗ. ಇದಕ್ಕಿಂತ ಒಳ್ಳೇದು ಈ ಬಯಲಲ್ಲೇ ಇಲ್ಲ."

ಸಂಗೀತ ಶುರುವಾಯಿತು. ಗುಬ್ಬಿ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

"ಏನೂ ಬರ್ತಿಲ್ಲ ಕಣೇ."

ಕಾಯಿಲ್ ಅಕ್ಕನಿಗೂ ಬರುತ್ತಿರಲಿಲ್ಲ. ಎರಡೇ ನಿಮಿಷದಲ್ಲಿ ಅವಳಿಗೆ ಕಾರಣ ಗೊತ್ತಾಯಿತು. ಒಂದು ಕಡೆಯ ದಪ್ಪ ಸದ್ದಿನ ಡಬ್ಬಗಳಿಗೆ ಯಾರೋ ತಂತಿಯನ್ನು ತಿರುಗಾಮುರುಗಾ ಕೊಟ್ಟಿದ್ದರು. ಎಡಗಡೆಯ ಕೋನುಗಳು ಮುಂದೆ ನೂಕುವಾಗ ಬಲಗಡೆಯವು ಹಿಂದೆ ಎಳೆಯುತ್ತಿದ್ದವು. ಎರಡೂ ಕೂಡುವ ನಟ್ಟನಡುವೆ ಒಂದನ್ನೊಂದು ನುಂಗಿ ದಪ್ಪ ಸದ್ದೇ ಇಲ್ಲ. ಅವಳು ಅಳೆದು ಆರಿಸಿದ ಜಾಗವೂ ಅದೇ.

"ನಿನ್ನ ಎದೆ ಸರಿಯಾಗಿದೆ. ಹಾಳಾಗಿರೋದು ಡಬ್ಬ. ಇಲ್ಲೇ ನಿಂತಿರು, ಅಲ್ಲಾಡ್ಬೇಡ, ಸರಿ ಮಾಡಿಸ್ಕೊಂಡು ಬರ್ತೀನಿ" ಎಂದು ಗುಬ್ಬಿಯ ಬಲಗಿವಿಗೆ ಕೂಗಿ ಹೊರಟಳು.

ಸದ್ದು ನೋಡಿಕೊಳ್ಳುವವನು ಹಿಂದಿನ ಗುಡಾರದಲ್ಲಿದ್ದ. ಭಾಷೆ ಬಾರದು. ಅವಳು ಎರಡು ಕಾಗದದ ಲೋಟಗಳನ್ನು ಎದುರುಬದುರು ಹಿಡಿದು, ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಆಡಿಸಿ ತೋರಿಸಿದಳು. ಅವನು ಎರಡಕ್ಕೂ ನೀರು ಹಾಕಿ ಕೊಟ್ಟ.

"ನೀರು ಯಾರಿಗ್ ಬೇಕಯ್ಯಾ? ಕಿವಿ ಇದೆಯೋ ಇಲ್ವೋ ನಿನಗೆ?" ಎಂದು ಅವಳು ಕನ್ನಡದಲ್ಲೇ ಬೈದಳು. ಅವನು ನಕ್ಕು ಹೆಬ್ಬೆರಳು ತೋರಿಸಿದ. ಎರಡನೇ ಸಲ ಹೋದಾಗ ಅವನು ನಗಲಿಲ್ಲ. ಕಾವಲಿನವರು ತೋಳು ಹಿಡಿದು ಗುಡಾರದ ಬೇಲಿಯಾಚೆ ಬಿಟ್ಟರು.

ನಲವತ್ತು ನಿಮಿಷ ಕಳೆಯಿತು, ಗಂಟೆಯಾಯಿತು. ಅವಳು ಬೇಲಿ ಸುತ್ತಿ ವೇದಿಕೆಯ ಹಿಂದಕ್ಕೆ ಹೋದಳು. ಅಲ್ಲಿ ಮುದುಕನೊಬ್ಬ ತಂತಿ ಸುತ್ತುತ್ತ ಕೂತಿದ್ದ. ಕಾವಲಿನವನು ಮತ್ತೆ ಬರುವುದರೊಳಗೆ ಅವಳು ಅವನ ಮುಂದೆ ತನ್ನ ಹತ್ತೂ ಬೆರಳು ಚಾಚಿದಳು. ಸುಟ್ಟ ಕಲೆಗಳನ್ನು ಮುದುಕ ನೋಡಿದ. ತನ್ನ ಬೆರಳುಗಳನ್ನೂ ಮುಂದೆ ಹಿಡಿದ. ಅಲ್ಲೂ ಅವೇ ಕಲೆಗಳು. ಅವಳು ಅಂಗೈ ಮೇಲೆ ಪೆನ್ನಿನಿಂದ ಪ್ಲಸ್, ಮೈನಸ್ ಬರೆದು, ಅಡ್ಡಗೆರೆ ಎಳೆದು, ಬಲಗಡೆಯ ಗೋಪುರ ತೋರಿಸಿದಳು. ಮುದುಕ ಕತ್ತು ಓರೆ ಮಾಡಿ ಒಂದು ನಿಮಿಷ ಕೇಳಿದ. ಮುಖ ಕೆಂಪಾಯಿತು. ಗುಡಾರದ ಕಡೆ ತಿರುಗಿ ಏನೋ ಬೈದು ಎದ್ದ. ಬೈಗುಳ ಅಂತ ತಿಳಿಯಲು ಅವಳಿಗೆ ಭಾಷೆ ಬೇಕಾಗಲಿಲ್ಲ.

ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಅವನು ತಂತಿ ಬದಲಿಸಿದ. ಕಾಯಿಲ್ ಅಕ್ಕ ಜನರನ್ನು ನೂಕಿಕೊಂಡು ನಡುಮಧ್ಯಕ್ಕೆ ಓಡಿದಳು. ಅವಳು ಮುಟ್ಟುವುದಕ್ಕೂ ಸದ್ದು ಬರುವುದಕ್ಕೂ ಸರಿಹೋಯಿತು. ಕಾಲಿನಿಂದ ಹತ್ತಿ, ಹೊಟ್ಟೆಯಲ್ಲಿ ಸುತ್ತಿ, ಎದೆಗೆ ಒದೆಯಿತು.

ಗುಬ್ಬಿ ಅಲ್ಲಿರಲಿಲ್ಲ.

ಎಡಗಡೆ, ನೀರಿನ ನಲ್ಲಿಯ ದಾರಿಯಲ್ಲಿ, ಚಪ್ಪಲಿ ಕಳಚಿಟ್ಟು ಕೆಸರಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು.

"ಎಲ್ಲಿ ಸತ್ತಿದ್ದೆ? ಅಲ್ಲಾಡ್ಬೇಡ ಅಂದಿರ್ಲಿಲ್ವಾ?"

"ಬಾಯಾರಿಕೆ ಆಯ್ತು, ನೀರಿಗೆ ಬಂದೆ. ಹತ್ತು ಹೆಜ್ಜೆ ಕಣೇ, ಅಷ್ಟೇ. ಹಿಂದಿನ ಹಾಡಲ್ಲೇ ಎದೆಗೆ ಒದ್ದ ಹಾಗೆ ಬಂತು." ಗುಬ್ಬಿ ಬಿರಡೆ ಒತ್ತಿಕೊಂಡು ಅವಳನ್ನೇ ನೋಡಿದಳು. "ಪಕ್ಕಕ್ಕೆ ಹೋದ್ರೆ ಬರತ್ತೆ ಅಂತ ನಿಂಗೆ ಗೊತ್ತಿತ್ತಾ?"

ಕಾಯಿಲ್ ಅಕ್ಕ ಸುಳ್ಳು ಹೇಳುವವಳಲ್ಲ. "ಗೊತ್ತಿತ್ತು."

"ಮತ್ತೆ ಯಾಕೆ ನನ್ನ ಪಕ್ಕಕ್ಕೆ ಕರ್ಕೊಂಡ್ ಹೋಗ್ಲಿಲ್ಲ?"

"ತಪ್ಪು ಡಬ್ಬದ್ದು. ನೀನ್ಯಾಕೆ ಸರೀಬೇಕು?"

ಗುಬ್ಬಿ ಕೂಗಿದ ಕೂಗಿಗೆ ಪಕ್ಕದವರು ತಿರುಗಿ ನೋಡಿದರು. "ನಾನೇನು ನಿನ್ನ ಅಂಗಡಿಗೆ ಬಂದ ಗಿರಾಕೀನಾ, ನಾಳೆ ಬಾ ಅನ್ನೋಕೆ? ಡಬ್ಬ ಹಾಳಾಗಿದೆ ಅಂದಿದ್ದು ಬರೀ ಸಮಾಧಾನಕ್ಕೆ ಅಂದ್ಕೊಂಡೆ. ಕಿವಿ ಜೊತೆ ಎದೆಯೂ ಹೋಯ್ತು ಅಂತ ಗಂಟೆಗಟ್ಟಲೆ ಒಬ್ಬಳೇ ಅತ್ಕೊಂಡು ನಿಂತಿದ್ದೀನಿ! ನೀನು ನನ್ನ ಜೊತೆ ಬಂದಿದ್ಯೋ, ಡಬ್ಬದ ಜೊತೆ ಬಂದಿದ್ಯೋ?"

"ಸರಿ ಮಾಡಿಸ್ದೆ ತಾನೇ? ಈಗ ನಡುವೇನೂ ಬರ್ತಿದೆ, ಬಾ."

"ನಾನು ಬರಲ್ಲ. ನಂಗೆ ಇಲ್ಲೇ ಬಂತು. ಇನ್ನೊಂದೇ ಹಾಡಿದೆ. ಬಾಯಿ ಮುಚ್ಕೊಂಡು ಪಕ್ಕದಲ್ಲಿ ನಿಂತ್ಕೋ."

ಕಾಯಿಲ್ ಅಕ್ಕ ಕೆಸರಿನಲ್ಲಿ ಕಾಲೂರಿ ಅವಳ ಪಕ್ಕದಲ್ಲಿ ನಿಂತಳು. ಕೊನೆಯ ಹಾಡು ಶುರುವಾದಾಗ ಗುಬ್ಬಿ ಬಲಗಿವಿಯನ್ನು ಬಿರಡೆಯ ಮೇಲೆ ಅಂಗೈಯಿಂದಲೂ ಬಿಗಿಯಾಗಿ ಮುಚ್ಚಿಕೊಂಡಳು, ಮುಂದೆ ಬರುವ ದಿನ ಹೇಗಿರುತ್ತದೆ ಎಂದು ನೋಡುವವಳಂತೆ. ಇನ್ನೊಂದು ಕೈಯಿಂದ ಕಾಯಿಲ್ ಅಕ್ಕನ ಮಣಿಕಟ್ಟು ಹಿಡಿದಳು. ಆ ಹಿಡಿತದಲ್ಲಿ ಪ್ರೀತಿಗೀತಿ ಏನೂ ಇರಲಿಲ್ಲ, ಬರೀ ಸಿಟ್ಟಿತ್ತು, ಉಗುರು ಊರಿದ ಗುರುತು ಎರಡು ದಿನ ಇತ್ತು ಎಂದು ಕಾಯಿಲ್ ಅಕ್ಕ ಇವತ್ತಿಗೂ ಮಣಿಕಟ್ಟು ತೋರಿಸಿ ಹೇಳುತ್ತಾಳೆ. ಪ್ರತಿ ಹೊಡೆತಕ್ಕೂ ಆ ಉಗುರುಗಳು ಒಂದಿಷ್ಟು ಆಳಕ್ಕೆ ಇಳಿಯುತ್ತಿದ್ದವಂತೆ, ಒಂದನ್ನೂ ತಪ್ಪಿಸದೆ, ತಾಳಕ್ಕೆ ಸರಿಯಾಗಿ. ಹಾಡು ಮುಗಿಯುವವರೆಗೂ ಕಾಯಿಲ್ ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ.